ಶನಿವಾರದ ಸ್ಟೀಮು

ಭಾನುವಾರ, ಬೆಳಗಿನ ಕಾಫಿ ಆದಮೇಲೆ

ಏನೂಂದ್ರೆ,

ಹೀಗೆ ಶುರು ಮಾಡಿದ್ದಕ್ಕೆ ನಗಬೇಡಿ. ಮೊದಲು ‘ಪ್ರಿಯರೇ’ ಅಂತ ಬರೆದೆ, ಸಿನಿಮಾದ ಥರ ಕಾಣಿಸಿತು, ಹರಿದೆ. ಆಮೇಲೆ ‘ಮಾನ್ಯರೇ’ ಅಂತ ಬರೆದೆ, ಕೊಟೇಶನ್ ಕಳಿಸಿದ ಹಾಗಾಯಿತು, ಅದನ್ನೂ ಹರಿದೆ. ಅಡುಗೆಮನೆಯಿಂದ ನಿಮ್ಮನ್ನು ಹೇಗೆ ಕರೀತಿದ್ದೆನೋ ಹಾಗೇ ಕರೆದಿದ್ದೀನಿ. ಕರೆದರೆ ಓಗೊಡುವ ಅಭ್ಯಾಸ ಇನ್ನೂ ಇದ್ದರೆ ಮುಂದೆ ಓದಿ.

ಫೋನ್ ಮಾಡಬಹುದಿತ್ತಲ್ಲ ಅಂತೀರಿ. ಮಾಡಬಹುದಿತ್ತು. ಆದರೆ ಫೋನ್ ಎತ್ತಿದ ಕೂಡಲೇ ನೀವೇ ಮಾತಾಡ್ತೀರಿ, ನಾನು ಹೂಂ ಹೂಂ ಅಂತ ಕೂರಬೇಕು, ಕಡೆಗೆ ನಾನು ಕೇಳಿಸಿಕೊಳ್ಳಲೇ ಇಲ್ಲ ಅಂತ ಮತ್ತೆ ಜಗಳ. ಕಾಗದದಲ್ಲಾದರೆ ಆ ಕಾಟ ಇಲ್ಲ. ಈ ಸಲ ಹೇಳುವವಳು ನಾನು, ಬಾಯಿ ಮುಚ್ಚಿಕೊಂಡು ಕೇಳುವವರು ನೀವು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡ್ತೀನಿ. ನಿನ್ನೆ ನಿಮಗೆ ಏನೂ ಆಗಲಿಲ್ಲ. ಇದೂ ಒಂದು ಸುದ್ದಿಯಾ ಅಂತ ನೀವು ಹುಬ್ಬು ಗಂಟು ಹಾಕುವುದು ಇಲ್ಲಿಂದಲೇ ಕಾಣ್ತಿದೆ. ಈ ಸುದ್ದಿಗೇ ನಾನು ನಿನ್ನೆ ಮನೆಗೆ ಬಂದವಳು ಚಪ್ಪಲಿ ಕೂಡ ಬಿಚ್ಚದೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಗೊಳೋ ಅಂತ ಅತ್ತುಬಿಟ್ಟೆ. ದುಃಖಕ್ಕಲ್ಲ. ಹೋದ ಜೀವ ಬಂದ ಹಾಗಾಗಿತ್ತು. ಅತ್ತು ಮುಗಿದ ಮೇಲೆ ಎಷ್ಟು ಹಸಿವಾಯಿತೆಂದರೆ, ನಿಂತುಕೊಂಡೇ ಇಬ್ಬರ ಊಟ ಮಾಡಿದೆ.

ಯಾಕೆ ಅಂತ ಹೇಳಬೇಕಾದರೆ ಜಗಳದಿಂದ ಶುರು ಮಾಡಬೇಕು.

ನೀವು ಬ್ಯಾಗ್ ಹಿಡಿದುಕೊಂಡು ಪ್ಲಾಂಟಿನ ಕ್ವಾರ್ಟರ್ಸಿಗೆ ಹೊರಟ ದಿನ ಬಾಗಿಲಲ್ಲಿ ನಿಂತು ಏನಂದಿರಿ ಅಂತ ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಊಟಕ್ಕೆ ಕೂತಾಗ ನನ್ನ ಹತ್ತಿರ ಮಾತಾಡುವುದೂ ಒಂದೇ, ಗೋಡೆ ಹತ್ತಿರ ಮಾತಾಡುವುದೂ ಒಂದೇ ಅಂದಿರಿ. ಆಗ ನಾನು ಕಾರ್ಖಾನೆಯಿಂದ ತಂದಿದ್ದ ಒಂದು ಸ್ಯಾಂಪಲ್ ರಿಂಗನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದೆ, ನಿಜ. ಕಣ್ಣು ರಿಂಗಿನ ಮೇಲಿತ್ತು. ಕಿವಿ ಎಲ್ಲಿತ್ತು ಅಂತ ನೀವು ಕೇಳಲೇ ಇಲ್ಲ. ನನಗೂ ಮೂಗಿನ ತುದಿಯಲ್ಲೇ ಕೋಪ, ಹೋಗುವವರನ್ನು ತಡೆಯಲಿಲ್ಲ. ಒಂದು ವಾರದಲ್ಲಿ ತಾವಾಗೇ ಬರ್ತಾರೆ ಬಿಡು ಅಂದುಕೊಂಡೆ. ಐದು ತಿಂಗಳಾಯಿತು.

ಆ ರಿಂಗುಗಳೇ ನನ್ನ ಅನ್ನ ಅಂತ ನಿಮಗೆ ಗೊತ್ತು. ವಾಲ್ವಿನ ಹೊಟ್ಟೆಯಲ್ಲಿ ತೂತಿರುವ ಒಂದು ಉಕ್ಕಿನ ಚೆಂಡು, ಚೆಂಡಿನ ಎರಡು ಕಡೆಗೂ ಬಳೆಯಂಥ ಒಂದೊಂದು ರಿಂಗು. ಅದಕ್ಕೇ ಸೀಟು ಅನ್ನುವುದು. ಚೆಂಡು ಸೀಟಿನ ಮೇಲೆ ಸರಿಯಾಗಿ ಕೂತರೆ ಪೈಪು ಬಂದ್, ಕೂರದಿದ್ದರೆ ಸೋರಿಕೆ. ಯಾವ ಪೈಪಿಗೆ ಯಾವ ಪ್ಲಾಸ್ಟಿಕ್ಕಿನ ಸೀಟು ಅಂತ ಆರಿಸಿಕೊಡುವುದು ನನ್ನ ಕೆಲಸ. ನೀವು ಸ್ನೇಹಿತರ ಮುಂದೆಲ್ಲ ನನ್ನ ಹೆಂಡತಿ ಸೀಟು ಕೊಡಿಸ್ತಾಳೆ ಅಂತ ಹೇಳಿ, ಒಬ್ಬರು ಪಾಪ ಮಗನ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಮನೆಗೇ ಬಂದಿದ್ದರಲ್ಲ, ನೆನಪಿದೆಯಾ? ಅವರಿಗೆ ಕಾಫಿ ಕೊಟ್ಟು, ನನ್ನ ಹತ್ತಿರ ಇರುವ ಸೀಟಿನಲ್ಲಿ ಉಕ್ಕಿನ ಚೆಂಡು ಮಾತ್ರ ಕೂರಬಹುದು ಅಂತ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ಇರಲಿ. ಮೂರು ತಿಂಗಳ ಹಿಂದೆ ನನ್ನ ಟೇಬಲ್ಲಿಗೆ ಒಂದು ಆರ್ಡರಿನ ಹಾಳೆ ಬಂತು. ಬಣ್ಣಕ್ಕೆ ಹಾಕುವ ರಾಳ ತಯಾರಿಸುವ ಪ್ಲಾಂಟು. ಪೈಪಿನಲ್ಲಿ ಹರಿಯುವುದು ಬಿಸಿ ರಾಳ, ತೊಂಬತ್ತು ಡಿಗ್ರಿ, ಪ್ರೆಶರ್ ಸಾಧಾರಣ. ಹಳೇ ವಾಲ್ವಿನ ಸೀಟು ಲೋಹದ್ದು, ಸದಾ ಜಿನುಗುತ್ತೆ, ಹೊಸದು ಒಂದು ಹನಿಯನ್ನೂ ಬಿಡಬಾರದು. ಇಂಥದ್ದಕ್ಕೆ ಬಿಳಿ ಸೀಟನ್ನು ಕಣ್ಣು ಮುಚ್ಚಿಕೊಂಡು ಹಾಕಬಹುದು. ಪಿಟಿಎಫ್‌ಇ ಅಂತಾರೆ, ನಾವು ಬಿಳಿಯದು ಅಂತಲೇ ಕರೆಯುವುದು. ಯಾವ ರಾಸಾಯನಿಕಕ್ಕೂ ಜಗ್ಗಲ್ಲ, ಜಾರುವ ಮೈ, ವಾಲ್ವಿನ ಹಿಡಿ ಸಲೀಸಾಗಿ ತಿರುಗುತ್ತೆ. ನಮ್ಮ ಮ್ಯಾನೇಜರ್, ಅದೇ ಕನ್ನಡಕ ಹಣೆಯ ಮೇಲಿಟ್ಟುಕೊಂಡು ಅದನ್ನೇ ಆಫೀಸೆಲ್ಲ ಹುಡುಕುವವರು, ಆಗಲೇ ಬಿಳಿಯದಕ್ಕೆ ಟಿಕ್ ಹಾಕಿದ್ದರು. ನಾನೂ ಸಹಿ ಹಾಕೋಣ ಅಂತ ಪೆನ್ನಿನ ಮುಚ್ಚಳ ತೆಗೆದೆ. ಆಗ ಹಾಳೆಯ ಮೂಲೆ ಕಣ್ಣಿಗೆ ಬಿತ್ತು. ನಿಮ್ಮ ಪ್ಲಾಂಟು. ಮೂರನೇ ಶೆಡ್ಡು, ಫಿಲ್ಟರ್ ಡಬ್ಬದ ಹಿಂದಿನ ವಾಲ್ವು.

ಅಯ್ಯೋ, ಇದು ನಮ್ಮವರ ವಾಲ್ವು ಅಂದುಕೊಂಡೆ. ಐದು ವರ್ಷ ಊಟದ ಟೇಬಲ್ಲಿನ ಮೇಲೆ ನೋಡಿದ ವಾಲ್ವನ್ನು ಗುರುತು ಹಿಡಿಯದೆ ಇರ್ತೀನಾ? ಲೋಟ ಅಂದರೆ ಫಿಲ್ಟರ್ ಡಬ್ಬ, ಉದ್ದ ಚಮಚ ಅಂದರೆ ಪೈಪು, ಉಪ್ಪಿನ ಡಬ್ಬಿ ಅಂದರೆ ವಾಲ್ವು. ಶನಿವಾರ ಬಂತೆಂದರೆ ನಿಮ್ಮ ಗೋಳು ಶುರು. ರಾಳ ಪೈಪಿನಲ್ಲಿ ಅಂಟಿಕೊಂಡು ಕೂತಿರುತ್ತೆ, ಅದನ್ನು ಕರಗಿಸಲು ಸ್ಟೀಮ್ ಹೊಡೀಬೇಕು. ಆಮೇಲೆ ಉಪ್ಪಿನ ಡಬ್ಬಿಯನ್ನು ಬಂದ್ ಮಾಡಿ, ಲೋಟದ ಮುಚ್ಚಳ ತೆಗೆದು, ಒಳಗೆ ತಲೆ ಹಾಕಿ ಜಾಲರಿ ಉಜ್ಜಬೇಕು. ಅಷ್ಟು ಹೊತ್ತೂ ಡಬ್ಬಿಯ ಆಚೆ, ಪೈಪಿನ ಕಡೆಯಿಂದ ಸ್ಟೀಮು ಒತ್ತುತ್ತಲೇ ಇರುತ್ತೆ, ಇಲ್ಲದಿದ್ದರೆ ರಾಳ ಮತ್ತೆ ಗಟ್ಟಿಯಾಗುತ್ತೆ. ಹೀಗೆ ಹೇಳಿ ನೀವು ಉಪ್ಪಿನ ಡಬ್ಬಿಯನ್ನು ನನ್ನ ಕಡೆ ತಳ್ಳಿ, ಈ ಹಾಳಾದ್ದೊಂದೇ ನೋಡು ಸ್ಟೀಮಿಗೂ ನನ್ನ ಮುಖಕ್ಕೂ ಮಧ್ಯೆ ಇರೋದು ಅಂತಿದ್ದಿರಿ. ನಾನು ಹೂಂ ಅಂದು ಉಪ್ಪು ಹಾಕಿಕೊಳ್ಳುತ್ತಿದ್ದೆ.

ಹಾಳೆಯಲ್ಲಿ ಈ ಸ್ಟೀಮಿನ ಸುದ್ದಿಯೇ ಇಲ್ಲ. ಯಾರದೂ ತಪ್ಪಲ್ಲ, ಬಿಡಿ. ರಾಳ ಹರಿಸುವುದು ಕೆಲಸ, ಪೈಪು ತೊಳೆಯುವುದು ಕ್ಲೀನಿಂಗು. ನಿಮ್ಮ ಮನೇಲಿ ಇವತ್ತು ಏನಡುಗೆ ಅಂತ ಕೇಳಿದರೆ ಪಾತ್ರೆ ತೊಳೆದದ್ದನ್ನು ಯಾರು ಹೇಳ್ತಾರೆ? ಆದರೆ ಬಿಳಿ ಸೀಟಿಗೆ ಅದೇ ಮುಖ್ಯ. ತೊಂಬತ್ತು ಡಿಗ್ರಿಯಲ್ಲಿ ಅದು ರಾಜ. ಒತ್ತಡದ ಸ್ಟೀಮು ಹಿಂದಿನಿಂದ ಚೆಂಡನ್ನು ತಳ್ಳುತ್ತಿದ್ದರೆ ಮೆತ್ತಗಾಗಿ, ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಹರಿದು ತೆಳ್ಳಗಾಗುತ್ತಾ ಹೋಗುತ್ತೆ. ಮೊದಲ ಶನಿವಾರ ಏನೂ ಆಗಲ್ಲ. ಎರಡನೆಯದೂ ಸುಖವಾಗಿ ಕಳೆಯುತ್ತೆ. ಹೊಸ ವಾಲ್ವು ಭೇಷ್ ಅಂತ ಎಲ್ಲರೂ ಹೊಗಳಿ ಮೈಮರೆತ ಮೇಲೆ ಒಂದು ಶನಿವಾರ ಅದು ಕೈ ಕೊಡುತ್ತೆ. ಆಗ ನಿಮ್ಮ ತಲೆ ಡಬ್ಬದೊಳಗೆ ಇರುತ್ತೆ. ಪೆನ್ನಿಗೆ ಮುಚ್ಚಳ ಹಾಕಿದೆ.

ಕನ್ನಡಕದವರ ಹತ್ತಿರ ಹೋಗಿ ಈ ಪೈಪಿಗೆ ಶನಿವಾರ ಸ್ಟೀಮ್ ಹೊಡೀತಾರೆ ಸಾರ್ ಅಂದೆ. ಯಾರು ಹೇಳಿದ್ದು ಅಂತ ಕೇಳಿದರು. ಮನೆ ಬಿಟ್ಟು ಹೋದ ಗಂಡ ಉಪ್ಪಿನ ಡಬ್ಬಿ ಇಟ್ಟು ತೋರಿಸಿದ್ದರು ಅಂತ ಹೇಳೋಕಾಗುತ್ತಾ? ಹಾಳೆಯಲ್ಲಿ ಇಲ್ಲದ್ದಕ್ಕೆಲ್ಲ ತಲೆ ಕೆಡಿಸಿಕೊಂಡರೆ ಕಾರ್ಖಾನೆ ನಡೆಯಲ್ಲಮ್ಮ ಅಂದರು. ಅವರು ಹೇಳಿದ್ದೂ ಸರಿಯೇ. ಆದರೂ ಹಠ ಹಿಡಿದು ನಿಮ್ಮ ಪ್ಲಾಂಟಿಗೆ ಫೋನ್ ಮಾಡಿದೆ. ಆಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರಮ್ಮ ಸಿಕ್ಕರು. ಡ್ರಾಯಿಂಗ್ ತೆಗೆದು ನೋಡಿ, ಆ ಪೈಪಿಗೆ ಸ್ಟೀಮ್ ಕಾಣಿಸ್ತಿಲ್ಲ ಮೇಡಂ, ಆದರೂ ಶನಿವಾರ ನಾನೇ ಶೆಡ್ಡಿಗೆ ಹೋಗಿ ನೋಡಿ ಹೇಳ್ತೀನಿ ಅಂದರು.

ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು, ನನಗೆ ತಡೆಯಲಾಗಲಿಲ್ಲ. ನಿಮ್ಮನ್ನೇ ಕೇಳಿಬಿಡೋಣ ಅನ್ನಿಸಿತು, ಆದರೆ ನಾನಾಗಿ ಫೋನ್ ಮಾಡಲು ಜಂಬ ಬಿಡಲಿಲ್ಲ. ನಿಮ್ಮಕ್ಕನಿಗೆ ಹೇಳಿದೆ. ಅತ್ತಿಗೆ, ಅವರು ಈಗಲೂ ಶನಿವಾರ ಸ್ಟೀಮ್ ಹೊಡೀತಾರಾ, ಎಷ್ಟು ಪ್ರೆಶರ್ ಅಂತ ಒಂದು ಮಾತು ಕೇಳಿ ಹೇಳಿ ಅಂದೆ. ಅತ್ತಿಗೆಗೆ ಎಷ್ಟು ಖುಷಿಯಾಯಿತೆಂದರೆ ಪೂರ್ತಿ ಕೇಳಿಸಿಕೊಳ್ಳದೇ ಫೋನ್ ಇಟ್ಟರು. ಸಂಜೆ ಉತ್ತರ ಬಂತು. ನೀವು ಚೆನ್ನಾಗಿದ್ದೀರಂತೆ, ಸ್ವಲ್ಪ ಇಳಿದು ಹೋಗಿದ್ದೀರಂತೆ, ಕ್ಯಾಂಟೀನ್ ಊಟ ಸೇರುವುದಿಲ್ಲವಂತೆ. ಅದು ಸರಿ ಅತ್ತಿಗೆ, ಪ್ರೆಶರ್ ಎಷ್ಟಂತೆ ಅಂದೆ. ಸ್ಟೀಮು ಗೀಮು ಅಂತ ಗಂಡನನ್ನು ಯಾರಾದರೂ ಕೇಳ್ತಾರೇನೇ, ನಾಚಿಕೆಯಿಂದ ಏನೋ ನೆಪ ಹೇಳ್ತಿದ್ದೀಯ ಅಂತ ತಿಳಿದು ನಾನು ನೇರವಾಗಿ ವಿಷಯಕ್ಕೇ ಬಂದೆ ಅಂದರು! ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಅಂದ ಹಾಗೆ ನೀವು ಅವತ್ತು ಅವಳಿಗೆ ನಾನೂ ಕೇಳಿದೆ ಅಂತ ಹೇಳು ಅಂದಿರಂತೆ. ಅದನ್ನು ಮಾತ್ರ ಅತ್ತಿಗೆ ಮೂರು ಸಲ ಹೇಳಿದರು. ನಾನು ಮೂರು ಸಲವೂ ಕೇಳಿಸಿಕೊಂಡೆ.

ಶನಿವಾರ ಮಧ್ಯಾಹ್ನ ಎಂಜಿನಿಯರಮ್ಮ ಫೋನ್ ಮಾಡಿದರು. ಹೌದು ಮೇಡಂ, ಹೊಡೀತಾರೆ, ಎಂಟು ಕೇಜಿ ಪ್ರೆಶರಿನ ಸ್ಟೀಮು, ನಾನು ಕಣ್ಣಾರೆ ನೋಡಿದೆ ಅಂದರು. ಅಂದರೆ ನೂರ ಎಪ್ಪತ್ತೈದು ಡಿಗ್ರಿ. ಕನ್ನಡಕದವರು ಹಾಗಾದರೆ ಟೆಸ್ಟ್ ಮಾಡಿ ನೋಡೋಣ ಅಂದರು.

ನಮ್ಮ ಟೆಸ್ಟ್ ರೂಮಿನ ಗುಳ್ಳೆ ಮಾಮನ ವಿಷಯ ಹೇಳಿದ್ದೆನಲ್ಲ, ವಾಲ್ವಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುತ್ತಾ ಅಂತ ಕಣ್ಣಲ್ಲಿ ಕಣ್ಣಿಟ್ಟು ಕೂರುವವರು. ಬಿಳಿ ಸೀಟಿನ ವಾಲ್ವನ್ನು ಬಂದ್ ಮಾಡಿ ಸ್ಟೀಮ್ ಬಿಟ್ಟೆವು, ತಣಿಸಿದೆವು, ತೊಟ್ಟಿಗೆ ಹಾಕಿದೆವು. ಗುಳ್ಳೆ ಇಲ್ಲ. ಮತ್ತೆ ಸ್ಟೀಮು, ಮತ್ತೆ ತೊಟ್ಟಿ. ಗುಳ್ಳೆ ಇಲ್ಲ. ಕನ್ನಡಕದವರು ನನ್ನ ಮುಖ ನೋಡಿದರು, ನಾನು ತೊಟ್ಟಿ ನೋಡಿದೆ. ಐದನೇ ಸುತ್ತಿಗೆ ಒಂದು ಗುಳ್ಳೆ ಮೇಲೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ದಾರ ಎಳೆದ ಹಾಗೆ ಒಂದರ ಹಿಂದೊಂದು. ಬಿಚ್ಚಿ ನೋಡಿದರೆ ಸೀಟಿನ ಒಂದು ಮಗ್ಗುಲು ಚಪ್ಪಟೆಯಾಗಿ ಅಂಚು ಹೊರಗೆ ಚಾಚಿಕೊಂಡಿತ್ತು. ಗುಳ್ಳೆ ಮಾಮ ಅದನ್ನು ಬೆರಳಲ್ಲಿ ಸವರಿ, ಇದು ಯಾರ ಮುಖಕ್ಕೆ ಹೊಡೀತಿತ್ತೋ ಪಾಪ ಅಂದರು. ನಾನು ನೀರು ಕುಡಿದು ಬರ್ತೀನಿ ಅಂತ ಹೊರಗೆ ಹೋದೆ.

ಆಮೇಲೆ ಪೀಕ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ಸೀಟು. ಒಣಮಣ್ಣಿನ ಬಣ್ಣದ್ದು, ಕಲ್ಲಿನಂಥ ಗಟ್ಟಿ, ಈ ಸ್ಟೀಮಿಗೆಲ್ಲ ಕ್ಯಾರೇ ಅನ್ನಲ್ಲ. ಒಂದು ಗುಳ್ಳೆಯೂ ಬರಲಿಲ್ಲ. ಇದನ್ನೇ ಹಾಕಿ ನಿಶ್ಚಿಂತೆಯಾಗಿ ಮಲಗೋಣ ಅನ್ನಿಸಿತ್ತು, ಕನ್ನಡಕದವರೂ ಸೈ ಅಂದಿದ್ದರು. ಆದರೆ ಹಿಡಿ ತಿರುಗಿಸಲು ಹೋದರೆ ಅಳ್ಳಾಡಲ್ಲ! ಗುಳ್ಳೆ ಮಾಮ ಜೋತುಬಿದ್ದರೂ ಪೂರ್ತಿ ಬಂದ್ ಆಗಲಿಲ್ಲ. ಆಗ ನಿಮ್ಮ ಬಲ ಭುಜ ನೆನಪಾಯಿತು. ಏಣಿಯಿಂದ ಬಿದ್ದ ಮೇಲೆ ಮೇಲಿನ ಕಪಾಟಿನಿಂದ ಡಬ್ಬ ಇಳಿಸಲೂ ನನ್ನನ್ನು ಕರೀತಿದ್ದಿರಿ. ಜೊತೆಗೆ ನಿಮ್ಮದೇ ಇನ್ನೊಂದು ಮಾತೂ ನೆನಪಾಯಿತು. ಬಿಗಿಯಾದ ವಾಲ್ವನ್ನು ಯಾರೂ ಕೊನೆತನಕ ತಿರುಗಿಸಲ್ಲ, ಸಾಕು ಬಿಡು ಅಂತ ಅರ್ಧಂಬರ್ಧ ಬಂದ್ ಮಾಡಿ ಹೋಗ್ತಾರೆ ಅಂದಿದ್ದಿರಿ. ಅರ್ಧ ಬಂದ್ ಆದ ಗಟ್ಟಿ ಸೀಟಿಗಿಂತ ಸೋರುವ ಸೀಟೇ ವಾಸಿ, ಸೋರುವುದು ಕಣ್ಣಿಗಾದರೂ ಕಾಣುತ್ತೆ. ಸರಿ, ಇದೂ ಬೇಡ ಅಂದೆ. ನೈಲಾನ್ ಯಾಕಾಗಬಾರದು ಅಂತ ಕನ್ನಡಕದವರು ಒಮ್ಮೆ ಗೊಣಗಿದರು, ಬಿಸಿ ಹಬೆ ತಗಲಿದರೆ ಬಿರುಕು ಬಿಡುತ್ತೆ ಅಂತ ಅವರೇ ನೆನಪು ಮಾಡಿಕೊಂಡು ಅದನ್ನು ಕೈಬಿಟ್ಟರು.

ಕಡೆಗೆ ಉಳಿದದ್ದು ಕರಿಯದು. ಬಿಳಿಯದಕ್ಕೇ ಇಂಗಾಲದ ಪುಡಿ ಬೆರೆಸಿ ಮಾಡಿದ್ದು. ಜಾರುವ ಗುಣ ಹೆಚ್ಚುಕಮ್ಮಿ ಹಾಗೇ ಇರುತ್ತೆ, ಆ ಪುಡಿ ಮೈಯನ್ನು ಹಿಡಿದಿಟ್ಟುಕೊಂಡು ಹರಿದುಹೋಗಲು ಬಿಡಲ್ಲ. ಐದು ಸುತ್ತು ದಾಟಿತು, ಹತ್ತು ದಾಟಿತು. ಗುಳ್ಳೆ ಮಾಮನಿಗೆ ತೂಕಡಿಕೆ ಬಂತು, ಗುಳ್ಳೆ ಬರಲಿಲ್ಲ. ಪ್ರತಿ ಸುತ್ತಿನಲ್ಲೂ ಹಿಡಿಯನ್ನು ನಾನೇ ತಿರುಗಿಸಿ ನೋಡಿದೆ, ಅದೂ ಎಡಗೈಯಲ್ಲಿ. ನೀನು ಎಡಚಿ ಅಂತ ಗೊತ್ತೇ ಇರಲಿಲ್ಲ ಅಂದರು ಮಾಮ. ಹಿಡಿಯನ್ನು ಸ್ವಲ್ಪ ಉದ್ದ ಮಾಡಿಸಿದೆ, ಎಡಗೈಗೆ ಸಿಗುವ ಹಾಗೆ ಕೂರಿಸಲು ಬರೆದೆ. ಕನ್ನಡಕದವರು ಸಹಿ ಹಾಕುವಾಗ ಮತ್ತೆ ಕೇಳಿದರು, ಈಗಾದರೂ ಹೇಳಮ್ಮ, ಸ್ಟೀಮಿನ ವಿಷಯ ನಿನಗೆ ಹೇಳಿದ್ದು ಯಾರು ಅಂತ. ನಮ್ಮ ಮನೆಯವರು ಅಂದೆ. ಐದು ತಿಂಗಳಲ್ಲಿ ಆ ಪದ ಬಾಯಿಗೆ ಬಂದದ್ದು ಅದೇ ಮೊದಲು. ಪುಣ್ಯವಂತರು, ನಮ್ಮ ಮನೆಯವಳು ನಾನು ಹೇಳಿದ್ದು ಒಂದನ್ನೂ ಕಿವಿಗೆ ಹಾಕಿಕೊಳ್ಳಲ್ಲ ಅಂತ ನಿಟ್ಟುಸಿರು ಬಿಟ್ಟರು. ಅವರ ಹೆಂಡತಿಯನ್ನು ಒಮ್ಮೆ ಮಾತಾಡಿಸಬೇಕು ಅಂತಿದ್ದೀನಿ.

ವಾಲ್ವು ನಿಮ್ಮ ಶೆಡ್ಡಿಗೆ ಬಂದು ಕೂತಿತು. ಅಲ್ಲಿಂದ ಶನಿವಾರ ಅಂದರೆ ನನಗೆ ಜ್ವರ. ತೊಟ್ಟಿಯಲ್ಲಿ ನೋಡಿದ್ದೇ ಬೇರೆ, ನಿಮ್ಮ ಪೈಪೇ ಬೇರೆ. ಬಿಳಿಯದು ಐದನೇ ಸುತ್ತಿಗೆ ಸೋತಿತ್ತಲ್ಲ, ಐದನೇ ಶನಿವಾರ ದಾಟಲಿ, ಆಮೇಲೆ ಸೀಟು ಬಿಚ್ಚಿ ನೋಡೋಣ ಅಂತ ಎಂಜಿನಿಯರಮ್ಮನೂ ನಾನೂ ಮಾತಾಡಿಕೊಂಡಿದ್ದೆವು. ನಿನ್ನೆ ಐದನೆಯದು.

ಎಲ್ಲ ವಿವರವೂ ನನಗೆ ತಲುಪಿದೆ. ಎಂಜಿನಿಯರಮ್ಮ ಹೇಳಿದರು. ಸ್ಟೀಮು ಬಂದಾಗ ಪೈಪು ಡಬಡಬ ಬಡಿದುಕೊಂಡಿತಂತೆ. ನೀವು ಎಡಗೈಯಲ್ಲಿ ಹಿಡಿ ತಿರುಗಿಸಿದಿರಂತೆ, ಒಂದೇ ಎಳೆತಕ್ಕೆ ಬಂದ್ ಆಯಿತಂತೆ. ಮುಚ್ಚಳ ತೆಗೆಯುವ ಮುಂಚೆ ಟವೆಲ್ಲಿನಿಂದ ಕತ್ತು ಒರೆಸಿಕೊಂಡಿರಂತೆ, ಅದು ನೀಲಿ ಟವೆಲ್ಲು, ಅಂಚು ಬಿಟ್ಟಿದೆ. ಆಮೇಲೆ ಡಬ್ಬದೊಳಗೆ ತಲೆ ಹಾಕಿದಿರಂತೆ. ಹೊರಗೆ ತೆಗೆದು, ಒಣಗಿದೆ ಕಣೋ, ಒಂದು ಹನಿ ಇಲ್ಲ ಅಂತ ಪಕ್ಕದವರಿಗೆ ಹೇಳಿ ನಕ್ಕಿರಂತೆ. ಬಾಚಿಕೊಳ್ಳದ ಕೂದಲು, ಕೆನ್ನೆ ನಿಜಕ್ಕೂ ಇಳಿದಿದೆ. ಆದರೆ ನಗು ಹಾಗೇ ಇದೆ.

ಬಿಚ್ಚಿದ ಸೀಟು ಈಗ ನನ್ನ ಮುಂದೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿದೆ. ಅದರ ಜಾಗಕ್ಕೆ ಅಂಥದ್ದೇ ಹೊಸ ಕರಿಯದು ಹಾಕಿದ್ದಾರೆ. ಅಳತೆ ತೆಗೆದು ನೋಡಿದೆ, ಕೂದಲೆಳೆಯಷ್ಟೂ ತೆಳ್ಳಗಾಗಿಲ್ಲ. ಬೆಳಗಿನಿಂದ ಅದನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದೀನಿ. ಎದೆ ಎಷ್ಟು ಹಗುರವಾಗಿದೆಯೆಂದರೆ ಪಕ್ಕದ ಮನೆಯವರ ಮಿಕ್ಸಿ ಸದ್ದಿಗೂ ಕೋಪ ಬರುತ್ತಿಲ್ಲ.

ಈಗ ಹೇಳಿ, ಗೋಡೆಗೆ ಇಷ್ಟೆಲ್ಲ ನೆನಪಿರುತ್ತಾ? ನೀವು ಹೇಳಿದ್ದರಲ್ಲಿ ಒಂದಕ್ಷರವೂ ನೆಲಕ್ಕೆ ಬಿದ್ದಿಲ್ಲ ರೀ. ಕೈಯಲ್ಲಿ ಏನಾದರೂ ತಿರುಗುತ್ತಿದ್ದರೇನೇ ನನಗೆ ಕಿವಿ ಚೆನ್ನಾಗಿ ಕೇಳುವುದು, ನಾನು ಹುಟ್ಟಿರುವುದೇ ಹಾಗೆ. ಹಾಗಂತ ನಿಮಗೆ ಹೇಗೆ ಗೊತ್ತಾಗಬೇಕು, ಅದೂ ನಿಜ. ಮುಂದಿನ ಶನಿವಾರ ಜಾಲರಿ ಉಜ್ಜಿ, ಸ್ನಾನ ಮಾಡಿ, ಸೀದಾ ಮನೆಗೆ ಬನ್ನಿ. ಬ್ಯಾಗ್ ತನ್ನಿ. ಲೋಟ, ಚಮಚ, ಉಪ್ಪಿನ ಡಬ್ಬಿ ಎಲ್ಲ ಇದ್ದ ಜಾಗದಲ್ಲೇ ಇವೆ. ಸ್ಟೀಮು ಹೇಗೆ ಹೊಡೆದಿರಿ ಅಂತ ಮೊದಲಿನಿಂದ ಹೇಳಿ. ನಾನು ರಿಂಗು ತಿರುಗಿಸುತ್ತಾ ಕೂತಿರ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ನೀವಿಲ್ಲದೆ ಈ ಮನೆಯಲ್ಲಿ ಕೇಳಿಸಿಕೊಳ್ಳಲು ಏನೂ ಇಲ್ಲ.

ಇಂತಿ,
ಎಲ್ಲವನ್ನೂ ಕೇಳಿಸಿಕೊಂಡ
ನಿಮ್ಮ ಗೋಡೆ

ಮರೆತಿದ್ದೆ: ನಿನ್ನೆಯ ವಿವರವನ್ನು ಎಂಜಿನಿಯರಮ್ಮ ಹೇಳಿದರು ಅಂತ ಮೇಲೆ ಬರೆದದ್ದು ಸುಳ್ಳು. ಟವೆಲ್ಲಿನ ಅಂಚು ಬಿಟ್ಟದ್ದನ್ನು ಅವರು ಯಾಕೆ ಹೇಳ್ತಾರೆ? ವಾಲ್ವಿನ ಕಂಪನಿಯಿಂದ ಯಾರೋ ಬಂದಿದ್ದಾರೆ ಅಂತ ನಿಮ್ಮ ಶೆಡ್ಡಿನಲ್ಲಿ ಒಬ್ಬರು ನಿಂತಿದ್ದರಲ್ಲ, ಹಳದಿ ಹೆಲ್ಮೆಟ್ಟು, ಮುಖದ ತುಂಬ ಮಾಸ್ಕು, ದೊಡ್ಡ ಗಾಗಲ್ಲು? ಸ್ಟೀಮ್ ಬಿಡುವ ಮುಂಚೆ ನೀವು ಹತ್ತಿರ ಬಂದು, ಇಲ್ಲಿ ನಿಲ್ಲಬೇಡಿ ಮೇಡಂ, ಅಪಾಯ, ಆ ಕಂಬದ ಹಿಂದೆ ಹೋಗಿ ಅಂದಿರಿ. ಮದುವೆಯಾದಾಗಿನಿಂದ ನನಗೆ ಮೊದಲನೇ ಸಲ ಬಹುವಚನ! ತುಟಿ ಪಿಟಕ್ಕೆನ್ನದೆ ಹೋಗಿ ಕಂಬದ ಹಿಂದೆ ನಿಂತೆ. ಇನ್ನು ಮೇಲೆ ನಾನು ನಿಮ್ಮ ಮಾತು ಕೇಳಲ್ಲ ಅಂತ ಯಾರ ಹತ್ತಿರವೂ ಹೇಳಬೇಡಿ.